ಕೊಡದೇ ಉಳಿದ ರಜೆ ಅರ್ಜಿ

ಬ್ರೆಡ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಒಲೆಯಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರೊಂದು ಇದ್ದೇ ಇತ್ತು. ಆದರೆ ಯಾರಾದರೂ ಅದನ್ನು ಕೂಗಿದರೆ ಅವಳೇ ಒಂದು ಗಳಿಗೆ ಹಿಂದೆ ತಿರುಗಿ, ಯಾರನ್ನು ಕರೆದರಪ್ಪಾ ಎಂದು ನೋಡುವಷ್ಟು ಅದು ಬಳಕೆ ತಪ್ಪಿಹೋಗಿತ್ತು. ಇಪ್ಪತ್ತಾರು ವರ್ಷ ಎರಡನೇ ನಂಬರಿನ ಒಲೆಯ ಮುಂದೆ ನಿಂತವಳು. ಅಚ್ಚುಗಳು ತುಂಬಿದ ಕಬ್ಬಿಣದ ತಟ್ಟೆ ಒಂದೊಂದೂ ಹದಿನೈದು ಕಿಲೋ ತೂಗುತ್ತಿತ್ತು. ಅಂಥವನ್ನು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಎತ್ತಿ ಒಳಗಿಡಬೇಕು, ಎಳೆದು ಹೊರಗಿಡಬೇಕು. ಎರಡೂ ಕೈಗಳಲ್ಲಿ ಮೊಣಕೈವರೆಗೆ ಸುಟ್ಟ ಗೆರೆಗಳು ಏಣಿಯ ಮೆಟ್ಟಿಲುಗಳ ಹಾಗೆ ಒಂದರ ಮೇಲೊಂದು ಕೂತಿದ್ದವು. ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಡುತ್ತಿದ್ದುದು ಒಂದೇ ಪಾಠ: "ಬ್ರೆಡ್ಡಿನ ತಳಕ್ಕೆ ಬೆರಳಲ್ಲಿ ತಟ್ಟಿ. ಟೊಳ್ಳು ಸದ್ದು ಬಂದ್ರೆ ಬೆಂದಿದೆ. ಮೇಲಿನ ಬಣ್ಣ ನೋಡಿ ಮೋಸಹೋಗಬೇಡಿ."

ಮದುವೆಯ ಮಾತು ಅವಳ ಬದುಕಿನಲ್ಲಿ ಎರಡು ಸಲ ಬಂದು, ಎರಡು ಸಲವೂ ಹೊಸ್ತಿಲಲ್ಲೇ ನಿಂತು ವಾಪಸು ಹೋಗಿತ್ತು. ಅದರ ಬಗ್ಗೆ ಅವಳಿಗೆ ಕೊರಗಿರಲಿಲ್ಲ. ತಾಯಿ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ತಮ್ಮನಿಗೆ ಎಂಟು. ಕುತ್ತಿಗೆಯ ಗಡ್ಡೆ ತೆಗೆಸಲು ಹೋದ ತಾಯಿ, "ಚಿಕ್ಕ ಆಪರೇಷನ್, ಸಾಯಂಕಾಲ ಮಾತಾಡಬಹುದು" ಎಂದು ಡಾಕ್ಟರು ಹೇಳಿದ ಮೇಲೆ ಒಳಗೆ ಹೋಗಿದ್ದಳು. ಸಾಯಂಕಾಲ ಮಾತಾಡಿದ್ದು ಡಾಕ್ಟರು ಮಾತ್ರ. ಅಂದಿನಿಂದ ತಮ್ಮನಿಗೆ ಅಕ್ಕನೇ ಅಮ್ಮ, ಅಕ್ಕನೇ ಅಪ್ಪ.

ತಮ್ಮ ಬೆಳೆದು ಕ್ಷೌರದ ಅಂಗಡಿ ಇಟ್ಟ. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಗೋಡೆಗೆ ತಗುಲಿಸಿದ ಸಣ್ಣ ಟಿ.ವಿ. ಕೈಗಿಂತ ಬಾಯಿ ಜೋರು. ಬೋಳುತಲೆಯವರೂ ಅವನ ಮಾತು ಕೇಳಲು ಬಂದು ಕೂರುತ್ತಾರೆ ಎಂದು ಬೀದಿಯವರು ಹೇಳುತ್ತಿದ್ದರು. ಮದುವೆಯಾಗಿ, ಅಕ್ಕನ ಮನೆಯಿಂದ ಎರಡು ಬೀದಿ ಆಚೆ ಸಂಸಾರ ಹೂಡಿದ. ಅವನ ಹೆಂಡತಿ ಶಾಲೆಯೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಳು, ಮಿತಭಾಷಿ. "ನಮ್ಮನೇಲಿ ಮಾತಿನ ಪಾಲು ನನಗೇ ಬಂದುಬಿಟ್ಟಿದೆ, ಅವಳಿಗೆ ಏನೂ ಉಳಿದಿಲ್ಲ" ಎಂದು ಅವನೇ ನಗುತ್ತಿದ್ದ.

ನಲವತ್ತು ತುಂಬುವ ಹೊತ್ತಿಗೆ ಅವನ ಕಾಲು ಊದಿಕೊಳ್ಳತೊಡಗಿತು. ದಿನವಿಡೀ ನಿಂತೇ ಇರುವವರಿಗೆ ಕಾಲು ಊದುವುದು ಏನು ಮಹಾ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಖವೂ ಊದಿದಾಗ, ಒಂದು ಬೆಳಗ್ಗೆ ಗಿರಾಕಿಯ ಕೆನ್ನೆಯ ಮೇಲೆ ಕತ್ತಿ ಇಟ್ಟುಕೊಂಡೇ ಉಸಿರು ಸಿಗದೆ ಕೂತುಬಿಟ್ಟಾಗ, ಆಸ್ಪತ್ರೆಗೆ ಹೋದರು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ರಕ್ತದೊತ್ತಡ ವರ್ಷಗಟ್ಟಲೆ ಸದ್ದಿಲ್ಲದೆ ತಿಂದುಹಾಕಿದೆ ಎಂದರು ಡಾಕ್ಟರು.

ಡಯಾಲಿಸಿಸ್ ಯಂತ್ರ ಅವರ ಊರಲ್ಲಿ ಇರಲಿಲ್ಲ. ಬಸ್ಸಿನಲ್ಲಿ ಎರಡು ಗಂಟೆ ದೂರದ ದೊಡ್ಡಾಸ್ಪತ್ರೆಯಲ್ಲಿ ಆರು ಇದ್ದವು. ಅದರಲ್ಲಿ ಎರಡು ಯಾವಾಗಲೂ ಕೆಟ್ಟು ಮುಸುಕು ಹೊದ್ದುಕೊಂಡಿರುತ್ತಿದ್ದವು. ವಾರಕ್ಕೆ ಮೂರು ಸಲ ಬೇಕು ಎಂದು ಚೀಟಿಯಲ್ಲಿ ಬರೆದಿದ್ದರು, ಸಿಕ್ಕಿದ್ದು ಎರಡು ಸಲ. ನಾಲ್ಕು ಗಂಟೆ ಯಂತ್ರದ ಪಕ್ಕ, ನಾಲ್ಕು ಗಂಟೆ ಬಸ್ಸಿನಲ್ಲಿ. ಉಳಿದ ದಿನ ಅಂಗಡಿ ತೆರೆಯುತ್ತಿದ್ದ. ಎಡಗೈಯಲ್ಲಿ ಡಯಾಲಿಸಿಸ್ಸಿಗೆಂದು ರಕ್ತನಾಳ ಜೋಡಿಸಿದ್ದ ಜಾಗ ಮುಟ್ಟಿದರೆ ಗುಂಯ್ ಎನ್ನುತ್ತಿತ್ತು. ಗಿರಾಕಿಗಳ ಬೆರಳನ್ನು ಅಲ್ಲಿಗೆ ಒತ್ತಿಸಿ, "ಒಳಗೆ ಟ್ರಿಮ್ಮರ್ ಇಟ್ಟು ಹೊಲಿದಿದಾರೆ, ಕರೆಂಟು ಹೋದ್ರೂ ನಿಲ್ಲಲ್ಲ" ಎನ್ನುತ್ತಿದ್ದ.

ಬದಲಿ ಕಿಡ್ನಿ ಹಾಕಿದರೆ ಈ ಓಡಾಟ ತಪ್ಪುತ್ತದೆ ಎಂದರು. ಹೆಂಡತಿಗೆ ಸಕ್ಕರೆ ಕಾಯಿಲೆ ಇತ್ತು, ಅವಳು ಕೊಡುವಂತಿರಲಿಲ್ಲ. ಅಕ್ಕನ ರಕ್ತ ಪರೀಕ್ಷೆ ಮಾಡಿದರು. ಒಂದು ತಿಂಗಳು ಅದೂ ಇದೂ ಪರೀಕ್ಷೆಯಾದ ಮೇಲೆ ಡಾಕ್ಟರು ಕಾಗದದಿಂದ ತಲೆಯೆತ್ತಿ, "ಹೇಳಿ ಮಾಡಿಸಿದ ಹಾಗಿದೆ" ಎಂದರು. ತಮ್ಮನ ಹೆಂಡತಿ ಅಲ್ಲಿಯೇ ಒಲೆಯಕ್ಕನ ಕೈ ಹಿಡಿದುಕೊಂಡಳು. ಬಸ್ಸು ಹತ್ತುವವರೆಗೂ ಬಿಡಲಿಲ್ಲ.

ಡಾಕ್ಟರು ವಿವರವಾಗಿಯೇ ಹೇಳಿದ್ದರು. ಒಂದು ಕಿಡ್ನಿಯಲ್ಲಿ ಬದುಕು ಸಲೀಸಾಗಿ ಸಾಗುತ್ತದೆ. ಆದರೆ ಆಪರೇಷನ್ ಆದ ಮೇಲೆ ಎರಡು ಮೂರು ತಿಂಗಳು ಭಾರ ಎತ್ತಕೂಡದು. ಹೇಳುತ್ತ ಹೇಳುತ್ತ ಪೆನ್ನಿನ ಹಿಂಬದಿಯಿಂದ ಅವಳ ಪಕ್ಕೆಯ ಮೇಲೆ, ಸೀರೆಯ ಮೇಲಿನಿಂದಲೇ, ಗೆರೆ ಎಳೆದು ತೋರಿಸಿದರು. ಅವರಿಗೆ ಅದು ದಿನಾ ಮಾಡುವ ಕೆಲಸ. ಅವಳಿಗೆ ಆ ಗೆರೆ ಮನೆಗೆ ಬಂದ ಮೇಲೂ ಪಕ್ಕೆಯಲ್ಲಿ ಹಾಗೇ ಇತ್ತು. ಉಸಿರಾಡಿದರೆ ಇತ್ತು, ಬಗ್ಗಿದರೆ ಇತ್ತು. ತಾಯಿಯನ್ನು ಒಳಗೆ ಕರೆದೊಯ್ದ ಆ ಎರಡು ರೆಕ್ಕೆಯ ಬಾಗಿಲು, ಅದು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಹಿಂದಕ್ಕೂ ಮುಂದಕ್ಕೂ ಆಡುತ್ತಿದ್ದುದು, ಇಷ್ಟು ವರ್ಷ ಎಲ್ಲಿ ಅಡಗಿತ್ತೋ, ಕಣ್ಣ ಮುಂದೆ ಬಂದು ನಿಂತಿತು.

ಆದರೂ ಅವಳು ರಜೆ ಕೇಳಲು ಹೋದಳು. ಕಾರ್ಖಾನೆಯ ಮೇಲ್ವಿಚಾರಕರಿಗೆ ಎಲ್ಲರೂ ಇಟ್ಟ ಹೆಸರು ಫೈಲಪ್ಪ. ಮೂವತ್ತು ವರ್ಷದಲ್ಲಿ ಒಂದು ಚೂರು ಕಾಗದ ಕಳೆದವರಲ್ಲ. ಹಳೇ ಹಿಟ್ಟಿನ ಚೀಲದ ಲೇಬಲ್ಲು ಬೇಕೆಂದರೂ ವರ್ಷ, ತಿಂಗಳು ಹೇಳಿದರೆ ಕಪಾಟಿನಿಂದ ತೆಗೆದುಕೊಡುತ್ತಾರೆ ಎಂದು ಹುಡುಗಿಯರು ನಗುತ್ತಿದ್ದರು.

"ಸಾರ್, ತಮ್ಮನಿಗೆ ಕಿಡ್ನಿ ಕೊಡೋದಿದೆ. ಮೂರು ತಿಂಗಳು ರಜೆ ಬೇಕಾಗುತ್ತೆ."

ಫೈಲಪ್ಪ ಕನ್ನಡಕ ತೆಗೆದು ಒರೆಸಿದರು. "ಕಾಯಿಲೆ ರಜೆ ಕಾಯಿಲೆ ಬಿದ್ದವರಿಗೆ ಕಣಮ್ಮ. ನೀನು ಗುಂಡುಕಲ್ಲಿನ ಹಾಗಿದ್ದೀಯ. ಕೊಡೋವ್ರಿಗೆ ಅಂತ ರಜೆ ಕಾಯಿದೆಯಲ್ಲಿ ಎಲ್ಲೂ ಇಲ್ಲ. ಸುಮ್ಮನೆ ಮೂರು ತಿಂಗಳು ಬರದೇ ಇದ್ರೆ ಆ ಜಾಗಕ್ಕೆ ಇನ್ನೊಬ್ಬರನ್ನ ಹಾಕ್ತಾರೆ."

"ಹಂಗಾದ್ರೆ ಆಗಲ್ವಾ?"

"ಆಗಲ್ಲ ಅಂತ ನಾನೆಲ್ಲಿ ಹೇಳ್ದೆ? ಒಂದು ಅರ್ಜಿ ಬರೆದುಕೊಡು. ಡಾಕ್ಟರ ಕಾಗದ ಜೊತೆಗಿಡು. ನಾನು ಮೇಲೆ ಕಳಿಸ್ತೀನಿ, ನಾನೇ ಹೋಗಿ ಮಾತಾಡ್ತೀನಿ. ಏನಂತಾರೋ ನೋಡೋಣ."

ಆ ಸಾಯಂಕಾಲ ಅವಳು ಅರ್ಜಿ ಬರೆದಳು. ಎರಡು ಸಲ ಹರಿದು ಮೂರನೆಯ ಸಲ ಚೆನ್ನಾಗಿ ಬರೆದಳು. ಮಡಚಿ ಚೀಲದಲ್ಲಿಟ್ಟುಕೊಂಡು ಮಾರನೆಯ ದಿನ ಹೋದಳು. ಫೈಲಪ್ಪನವರ ಕೋಣೆಯ ಬಾಗಿಲು ತೆರೆದೇ ಇತ್ತು. ಅವರು ಒಳಗೆ ಏನನ್ನೋ ಬರೆಯುತ್ತಿದ್ದರು. ಅವಳು ಬಾಗಿಲಿನವರೆಗೆ ಹೋದಳು. ಕೊಟ್ಟರೆ ಮಂಜೂರಾಗಿಬಿಡಬಹುದು ಎಂಬುದು ಆಗ ಹೊಳೆಯಿತು. ರಜೆ ಸಿಕ್ಕದಿದ್ದರೆ ಎಂಬ ಭಯವನ್ನು ಎರಡು ದಿನದಿಂದ ಹೊತ್ತು ತಿರುಗುತ್ತಿದ್ದವಳಿಗೆ, ಸಿಕ್ಕಿಬಿಟ್ಟರೆ ಎಂಬ ಭಯ ಅದಕ್ಕಿಂತ ದೊಡ್ಡದು ಎಂದು ಆ ಬಾಗಿಲಲ್ಲಿ ಗೊತ್ತಾಯಿತು. ಒಲೆಯ ಕಡೆಗೆ ತಿರುಗಿ ನಡೆದಳು. ನಾಳೆ ಕೊಟ್ಟರಾಯಿತು ಎಂದುಕೊಂಡಳು. ನಾಳೆಯೂ ಹಾಗೆಯೇ ಅಂದುಕೊಂಡಳು.

ಎಂಟು ದಿನ ಕಳೆದ ಮೇಲೆ ತಮ್ಮನ ಹೆಂಡತಿ ಕೇಳಿದಳು. "ರಜೆ ಏನಾಯ್ತಕ್ಕಾ?"

"ಕೊಡಲ್ಲ ಅಂದ್ರು" ಎಂದುಬಿಟ್ಟಳು ಒಲೆಯಕ್ಕ. "ಕಾಯಿದೆಯಲ್ಲಿ ಇಲ್ವಂತೆ. ಹೋದ್ರೆ ಕೆಲಸ ಹೋಗುತ್ತೆ."

ತಮ್ಮ ಮಂಚದ ಮೇಲೆ ಒರಗಿ ಕೂತಿದ್ದ. ಅವಳು ಅವನ ಮುಖ ನೋಡಲಿಲ್ಲ. ಅವನೇ ಅಂದ, "ಬಿಡಕ್ಕ. ಕೆಲಸ ಕಳ್ಕೊಂಡು ಇಬ್ಬರೂ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡೋದಾ? ನಿನ್ನ ಕಿಡ್ನಿ ನನಗೆ ಬಂದಿದ್ರೆ ನಾನೂ ನಿನ್ನ ಹಾಗೆ ಮೂರು ಗಂಟೆಗೇ ಎದ್ದು ಎಲ್ಲರನ್ನೂ ಎಬ್ಬಿಸೋಕೆ ಶುರು ಮಾಡ್ತಿದ್ದೆ. ತಪ್ಪಿತು ಬಿಡು."

ಅವನು ಬೈದಿದ್ದರೆ, ಅತ್ತಿದ್ದರೆ, ಅವಳು ಅಲ್ಲಿಯೇ ಚೀಲ ಬಿಚ್ಚಿ ಅರ್ಜಿ ತೋರಿಸುತ್ತಿದ್ದಳೋ ಏನೋ. ಅವನು ಸಮಾಧಾನ ಮಾಡಿದ. ಅದಕ್ಕೆ ಚೀಲ ಮುಚ್ಚಿಯೇ ಉಳಿಯಿತು.

ಅದಾದ ಮೇಲೆ ಅವನು ಬದುಕಿದ್ದು ಹದಿನಾಲ್ಕು ತಿಂಗಳು. ಆಸ್ಪತ್ರೆಗೆ ಹೋಗುವ ದಿನಗಳಲ್ಲಿ ಕೆಲವೊಮ್ಮೆ ಅವಳೇ ಜೊತೆಗೆ ಹೋಗುತ್ತಿದ್ದಳು. ಅಲ್ಲಿಯ ಉದ್ದನೆಯ ಬೆಂಚಿನಲ್ಲಿ ಎಲ್ಲರಿಗೂ ಎಲ್ಲರ ಗುರುತಿತ್ತು. ಲೆಕ್ಕದ ಮೇಷ್ಟ್ರು ಎಂಬ ನಿವೃತ್ತ ಉಪಾಧ್ಯಾಯರೊಬ್ಬರು ಪಕ್ಕದ ಯಂತ್ರದಲ್ಲಿ ಮಲಗಿಕೊಂಡೇ ಸರ್ಕಾರಕ್ಕೆ ಮನವಿ ಬರೆಯುತ್ತಿದ್ದರು. ಎಷ್ಟು ರೋಗಿಗಳು, ಎಷ್ಟು ಯಂತ್ರ, ಬರುವಾಗ ಹೋಗುವಾಗ ದಾರಿಯಲ್ಲೇ ಸತ್ತವರು ಎಷ್ಟು, ಎಲ್ಲ ಅವರ ಬಳಿ ಇತ್ತು. ಸರದಿ ಸಿಗದವರಿಗೆ ತಮ್ಮನೇ ಧೈರ್ಯ ಹೇಳಿ ನಗಿಸುತ್ತಿದ್ದ.

ಆಮೇಲೆ ಬಸ್ ಮುಷ್ಕರ ಬಂತು. ಒಂದು ಸರದಿ ತಪ್ಪಿತು. ಎರಡನೆಯದೂ ತಪ್ಪಿತು. ಆರನೆಯ ದಿನ ಬೆಳಗ್ಗೆ ಬೀದಿಯವರು ತರಕಾರಿ ಸಾಗಿಸುವ ವ್ಯಾನೊಂದನ್ನು ಗೊತ್ತುಮಾಡಿ ಅವನನ್ನು ಮಲಗಿಸಿದರು. ಅಕ್ಕನ ತೊಡೆಯ ಮೇಲೆ ತಲೆಯಿತ್ತು. ಅರ್ಧ ದಾರಿಯಲ್ಲಿ, ಹನ್ನೊಂದು ಗಂಟೆಯ ಬಿಸಿಲಲ್ಲಿ, ಅವನ ಉಸಿರು ನಿಂತಿತು. ಎಡಗೈಯ ಗುಂಯ್ ಎನ್ನುವ ಸದ್ದು ನಿಂತದ್ದು ಅವಳ ಬೆರಳಿಗೆ ತಿಳಿಯಿತು.

ಅವನ ಸಾವಿನ ಸುದ್ದಿ ಆ ಬೆಂಚಿನವರನ್ನೆಲ್ಲ ಕೆರಳಿಸಿತು. ಲೆಕ್ಕದ ಮೇಷ್ಟ್ರು ಮನವಿ ಹಿಡಿದು ಶಾಸನಸಭೆಯ ಸದಸ್ಯೆಯೊಬ್ಬರ ಮನೆ ಬಾಗಿಲು ಕಾದರು. ಆಕೆಯ ತಂದೆಯೂ ಇದೇ ಕಾಯಿಲೆಯಲ್ಲಿ ಹೋದವರಂತೆ. ಆಕೆ ಕಾಗದವನ್ನು ಪಕ್ಕಕ್ಕಿಡಲಿಲ್ಲ, ಹಿಡಿದುಕೊಂಡರು. ಒಂದು ವರ್ಷದಲ್ಲಿ ಮಸೂದೆ ತಯಾರಾಯಿತು. ಪ್ರತಿ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಡಯಾಲಿಸಿಸ್ ಯಂತ್ರ ಇರಬೇಕು, ರೋಗಿಗೆ ಹೋಗಿಬರುವ ವ್ಯವಸ್ಥೆ ಆಗಬೇಕು ಎಂಬುದು ಅದರಲ್ಲಿತ್ತು. ಜೊತೆಗೆ ಇನ್ನೊಂದು ಕಲಮು ಇತ್ತು: ಕಿಡ್ನಿ ಕೊಡುವವರಿಗೆ ಸಂಬಳ ಸಹಿತ ತೊಂಬತ್ತು ದಿನ ರಜೆ, ಅದಕ್ಕಾಗಿ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಮಾಲೀಕರ ಸಂಘದವರು ಇದನ್ನು ಬಿಲ್ಕುಲ್ ಒಪ್ಪಲಿಲ್ಲ. ಹೀಗೆ ರಜೆ ಸಿಗದೆ ಕಿಡ್ನಿ ಕೊಡಲಾಗದೆ ಉಳಿದವರು ಯಾರಿದ್ದಾರೆ, ಒಬ್ಬರನ್ನು ತೋರಿಸಿ ಎಂದರು.

ಅಕ್ಕನಿಗೆ ರಜೆ ಸಿಗದ ವಿಷಯವನ್ನು ಮೇಷ್ಟ್ರಿಗೆ ತಮ್ಮನ ಹೆಂಡತಿ ಹಿಂದೆಯೇ ಹೇಳಿದ್ದಳು. ಅವರು ಇಬ್ಬರೂ ಜೊತೆಯಾಗಿ ಒಲೆಯಕ್ಕನ ಮನೆಗೆ ಬಂದರು.

"ನನ್ನನ್ನ ಬಿಟ್ಟುಬಿಡಿ ಮೇಷ್ಟ್ರೇ. ದೊಡ್ಡವರ ಮುಂದೆ ನನಗೆ ಮಾತು ಬರಲ್ಲ."

ಮಿತಭಾಷಿಯಾದ ತಮ್ಮನ ಹೆಂಡತಿ ಆ ದಿನ ಬಾಯಿ ಬಿಟ್ಟಳು. "ಅಕ್ಕಾ, ಅವರಂತೂ ಹೋದ್ರು. ಇನ್ನೊಬ್ಬರ ಮನೇಲಿ ಹೀಗಾಗಬಾರದು. ನೀವು ಹೇಳಲೇಬೇಕು."

ಏನು ಹೇಳಿ ತಪ್ಪಿಸಿಕೊಳ್ಳುವುದು? ಹೋದಳು. ಮಸೂದೆಯನ್ನು ಪರಿಶೀಲಿಸುತ್ತಿದ್ದ ಶಾಸನಸಭೆಯ ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು, ಮುಂದೆ ಕತ್ತು ಬಗ್ಗಿಸಿದ ಮೈಕು. ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು. ಅವಳು ಬರುವ ದಾರಿಯುದ್ದಕ್ಕೂ ಒಂದು ಲೆಕ್ಕ ಹಾಕಿಕೊಂಡಿದ್ದಳು: ಸುಳ್ಳು ಹೇಳುವುದಿಲ್ಲ, ಆದದ್ದಷ್ಟೇ ಹೇಳುತ್ತೇನೆ. ಹಾಗೆಯೇ ಹೇಳಿದಳು. ತಮ್ಮನ ಕಾಯಿಲೆ, ಬಸ್ಸು, ಯಂತ್ರ, ವ್ಯಾನು. "ನಾನು ರಜೆ ಕೇಳಿದೆ. ಕಾಯಿದೆಯಲ್ಲಿ ಅಂಥ ರಜೆ ಇಲ್ಲ ಅಂದ್ರು. ಮೂರು ತಿಂಗಳು ಹೋದ್ರೆ ಜಾಗಕ್ಕೆ ಬೇರೆಯವರು ಬರ್ತಾರೆ ಅಂದ್ರು." ಒಂದು ಅಕ್ಷರವೂ ಸುಳ್ಳಲ್ಲ. ಮೇಜಿನ ಸುತ್ತ ಕೂತವರ ತಲೆ ತಗ್ಗಿತು.

ಕೊನೆಯಲ್ಲಿ ಕೂತಿದ್ದ ವಯಸ್ಸಾದ ಸದಸ್ಯರೊಬ್ಬರು ಕೇಳಿದರು. "ಬರವಣಿಗೆಯಲ್ಲಿ ಕೊಟ್ಟಿದ್ರಾಮ್ಮಾ, ಅರ್ಜಿ?"

ಕೆಂಪು ದೀಪ ಹತ್ತಿಯೇ ಇತ್ತು. ತಮ್ಮನ ಹೆಂಡತಿ ಹಿಂದಿನ ಸಾಲಿನಲ್ಲಿ ಕೂತಿದ್ದಳು.

"ಕೊಟ್ಟಿದ್ದೆ" ಎಂದಳು ಒಲೆಯಕ್ಕ.

ಮಾರನೆಯ ದಿನ ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಕಾರ್ಖಾನೆಯವರು ಅಂಥ ಅರ್ಜಿ ನಮ್ಮ ಕಡತದಲ್ಲಿ ಇಲ್ಲ ಎಂದು ಸಮಿತಿಗೆ ಬರೆದುಕೊಟ್ಟರು. ಹಾಗಲ್ಲದೆ ಇನ್ನು ಹೇಗೆ ಬರೆಯುತ್ತಾರೆ ಎಂದು ಊರೆಲ್ಲ ನಕ್ಕಿತು. ಯಾರ ಮೇಲಾದರೂ ತಪ್ಪು ಹೊರಿಸಬೇಕಿತ್ತು. ನಿವೃತ್ತಿಗೆ ಎಂಟು ತಿಂಗಳಿದ್ದ ಫೈಲಪ್ಪನವರಿಗೆ ನೋಟೀಸು ಬಂತು; ಅರ್ಜಿ ಕಳೆದಿದ್ದಾರೆ, ಇಲ್ಲವೇ ಮುಚ್ಚಿಟ್ಟಿದ್ದಾರೆ ಎಂದು. ತಿಂಗಳೊಳಗೆ ಮನೆಗೆ ಕಳಿಸಿದರು.

ಹೊರಡುವ ದಿನ ಅವರು ಎರಡನೇ ಒಲೆಯ ಹತ್ತಿರ ಬಂದರು. ಮೂವತ್ತು ವರ್ಷದಲ್ಲಿ ಒಲೆಯ ಕಡೆ ಅವರು ಕಾಲಿಟ್ಟಿದ್ದೇ ಕಡಿಮೆ. ಬೆವರುತ್ತಿದ್ದರು.

"ಎಲ್ಲಾ ಕಪಾಟು ಇಳಿಸಿ ನೋಡ್ದೆ ಕಣಮ್ಮ. ನನ್ನ ಕೈಗೆ ಕೊಟ್ಟ ನೆನಪಿಲ್ಲ. ಮಗಳ ಹೆರಿಗೆ ಅಂತ ಹತ್ತು ದಿನ ನಾನು ಇರಲಿಲ್ಲ. ಆಗೇನಾದ್ರೂ ನನ್ನ ಟೇಬಲ್ ಮೇಲೆ ಇಟ್ಟು ಹೋಗಿದ್ಯಾ?"

ಅವಳು ತಟ್ಟೆ ಎಳೆಯುತ್ತಿದ್ದಳು. ತಲೆ ಅಲ್ಲಾಡಿಸಿದಳು. ಹೌದು ಎಂದೋ ಗೊತ್ತಿಲ್ಲ ಎಂದೋ ಅವಳೇ ಹೇಳಲಾರಳು; ಅವರು ಹೌದು ಎಂದೇ ತಿಳಿದರು.

"ಹಾಗಿದ್ರೆ ಎಲ್ಲೋ ನನ್ನಿಂದಲೇ ಆಗಿದೆ. ನಿನ್ನ ತಮ್ಮನ ವಿಷಯದಲ್ಲಿ... ಮನಸ್ಸಿನಲ್ಲಿ ಇಟ್ಕೋಬೇಡ." ಅಷ್ಟು ಹೇಳಿ, ಊಟದ ಡಬ್ಬಿಯ ಚೀಲ ಎದೆಗೊತ್ತಿಕೊಂಡು ಗೇಟಿನ ಕಡೆಗೆ ಹೋದರು. ಬೀಳ್ಕೊಡುಗೆ ಸಭೆ ನಡೆಯಲಿಲ್ಲ.

ಕಾಯಿದೆ ಬಂತು. ಚೆನ್ನಾಗಿಯೇ ಬಂತು. ಅವರ ಊರಿನ ಆಸ್ಪತ್ರೆಯ ಹಿಂಭಾಗದಲ್ಲಿ, ಹಳೆಯ ಎಕ್ಸ್-ರೇ ಕೋಣೆಯಲ್ಲಿ, ನಾಲ್ಕು ಯಂತ್ರ ಕೂತವು. ಲೆಕ್ಕದ ಮೇಷ್ಟ್ರು ಮನೆಯಿಂದ ನಡೆದುಕೊಂಡೇ ಹೋಗಿ ಮಲಗುವಂತಾಯಿತು. ಕಾರ್ಖಾನೆಯ ವ್ಯಾನ್ ಡ್ರೈವರು ಹೆಂಡತಿಗೆ ತನ್ನ ಕಿಡ್ನಿ ಕೊಟ್ಟ. ತೊಂಬತ್ತು ದಿನ ಮನೆಯಲ್ಲಿದ್ದು, ತೊಂಬತ್ತೊಂದನೆಯ ದಿನ ಬಂದವನೇ ನೇರವಾಗಿ ಒಲೆಯ ಹತ್ತಿರ ನಿಂತ.

"ಅಕ್ಕ, ನೀವು ಅವತ್ತು ಬಾಯಿ ಬಿಟ್ಟು ಹೇಳದೇ ಇದ್ದಿದ್ರೆ ನಾನು ಏನ್ ಮಾಡ್ತಿದ್ದೆ? ಆಪರೇಷನ್ ಹಿಂದಿನ ದಿನ ನನಗೆ ಭಯ ಆಗಿಬಿಡ್ತು. ಓಡಿಹೋಗೋಣ ಅನ್ನಿಸ್ತು. ನಿಮ್ಮನ್ನ ನೆನೆಸ್ಕೊಂಡೆ. ಕೊಡೋಕೆ ತುದಿಗಾಲಲ್ಲಿ ನಿಂತಿದ್ದೋರಿಗೇ ಆಗಲಿಲ್ಲ, ನನಗೆ ಅವಕಾಶ ಸಿಕ್ಕಿದೆ, ಈಗ ಹೆದರಿದ್ರೆ ಹೇಗೆ ಅಂತ."

ಒಲೆಯಕ್ಕ ಅವನ ಭುಜ ತಟ್ಟಿ ಕಳಿಸಿದಳು. ಆ ದಿನ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒಂದು ತಟ್ಟೆ ಪೂರ್ತಿ ಸೀದುಹೋಯಿತು.

ಆ ಭಾನುವಾರ ಅವಳು ವಿಳಾಸ ಹುಡುಕಿಕೊಂಡು ಫೈಲಪ್ಪನವರ ಮಗಳ ಮನೆಗೆ ಹೋದಳು. ಅವರು ಇಳಿದುಹೋಗಿದ್ದರು. ಹಜಾರದ ಮೂಲೆಯಲ್ಲಿ ಕಾರ್ಖಾನೆಯಿಂದ ತಂದ ಕಾಗದದ ಕಟ್ಟುಗಳಿದ್ದವು. ಇನ್ನೂ ಹುಡುಕುತ್ತಾರೆ, ನೀವಾದರೂ ಬುದ್ಧಿ ಹೇಳಿ ಎಂದು ಮಗಳು ಬಾಗಿಲಲ್ಲೇ ಹೇಳಿದಳು.

ಒಲೆಯಕ್ಕ ಕೂರಲಿಲ್ಲ. ನಿಂತೇ ಹೇಳಿದಳು. "ಸಾರ್, ನಾನು ಅರ್ಜಿ ಕೊಟ್ಟೇ ಇರಲಿಲ್ಲ. ಆಪರೇಷನ್ನಿಗೆ ಹೆದರಿ ಕೊಡಲಿಲ್ಲ. ನಿಮ್ಮ ಕೈಲಿ ಏನೂ ಕಳೆದಿಲ್ಲ."

ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. ಬೈಯಲಿಲ್ಲ. ಒಳಗೆ ಹೋಗಿದ್ದ ಮಗಳನ್ನು ಕೂಗಿ ಕರೆದರು.

"ಇನ್ನೊಂದ್ಸಲ ಹೇಳಮ್ಮ. ಇವಳು ಕೇಳೋ ಹಾಗೆ ಹೇಳು."

ಅವಳು ಇನ್ನೊಂದು ಸಲ ಹೇಳಿದಳು. ಮಗಳು ತಂದಿದ್ದ ನೀರಿನ ಲೋಟವನ್ನು ಅವಳಿಗೆ ಕೊಡದೆ ವಾಪಸು ತೆಗೆದುಕೊಂಡು ಹೋದಳು. ಫೈಲಪ್ಪ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. "ಮುಗೀತಲ್ಲ, ಹೋಗಿ ಬಾ" ಎಂದರು.

ಹಾಗೆ ಹೊರಗೆ ಬಂದವಳು ನೇರವಾಗಿ ತಮ್ಮನ ಮನೆಗೆ ಹೋದಳು. ಒಂದು ಕಡೆ ಹೇಳಿದ ಮೇಲೆ ಇನ್ನೊಂದು ಕಡೆ ಹೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ತಮ್ಮನ ಹೆಂಡತಿ ಒಗೆದ ಬಟ್ಟೆ ಮಡಚುತ್ತ ಕೇಳಿಸಿಕೊಂಡಳು. ಮಡಚುವುದನ್ನು ನಿಲ್ಲಿಸಲಿಲ್ಲ.

"ಹೆದರಿಕೆ ಅಂದಿದ್ರೆ ಅವರು ಏನನ್ನುತ್ತಿದ್ರು?" ಎಂದು ಕೇಳಿದಳು.

"ಏನೂ ಅನ್ನುತ್ತಿರಲಿಲ್ಲ. ತಮಾಷೆ ಮಾಡ್ತಿದ್ದ."

"ಹೌದು. ನಾನೂ ಏನೂ ಅನ್ನುತ್ತಿರಲಿಲ್ಲ. ಆಪರೇಷನ್ ಅಂದ್ರೆ ಯಾರಿಗೆ ಹೆದರಿಕೆ ಇಲ್ಲ?" ಒಂದು ಟವೆಲನ್ನು ಅಂಚಿಗೆ ಅಂಚು ಸರಿಯಾಗಿ ಸೇರಿಸಿ ಮಡಚಿಟ್ಟಳು. "ನಮ್ಮ ಚಿಕ್ಕಪ್ಪನ ಮಗ ಪರೀಕ್ಷೆ ಮಾಡಿಸ್ಕೋತೀನಿ ಅಂತ ಎರಡು ಸಲ ಬಂದಿದ್ದ. ಅಕ್ಕನದು ಹೊಂದಿಕೆಯಾಗಿದೆ, ಫ್ಯಾಕ್ಟರಿಯವರು ಇವತ್ತಲ್ಲ ನಾಳೆ ಮನಸ್ಸು ಬದಲಾಯಿಸ್ತಾರೆ ಅಂತ ಇವರೇ ಅವನನ್ನ ವಾಪಸು ಕಳಿಸಿದ್ರು. ಹದಿನಾಲ್ಕು ತಿಂಗಳು ನಾವು ಕಾದಿದ್ದು ನಿಮ್ಮ ಫ್ಯಾಕ್ಟರಿಯವರಿಗೆ."

ಆ ಮಾತು ಒಲೆಯಕ್ಕನಿಗೆ ಗೊತ್ತಿರಲಿಲ್ಲ. ಗೋಡೆಗೆ ಒರಗಿ ಅಲ್ಲಿಯೇ ನೆಲದ ಮೇಲೆ ಕೂತಳು. ಅವನನ್ನು ಉಳಿಸಲು ತಾನೇ ಕಿಡ್ನಿ ಕೊಡಬೇಕೆಂದೇನೂ ಇರಲಿಲ್ಲ. ಕೊಡಲಾರೆ ಎಂದು ಒಂದು ಮಾತು ಹೇಳಿದ್ದರೂ ಒಂದು ದಾರಿ ತೆರೆದಿರುತ್ತಿತ್ತು. ಆ ದಾರಿ ಆಸ್ಪತ್ರೆಯವರೆಗೆ ಮುಟ್ಟುತ್ತಿತ್ತೋ ಇಲ್ಲವೋ, ಅದನ್ನು ಇನ್ನು ಯಾರೂ ಹೇಳಲಾರರು.

ತಮ್ಮನ ಹೆಂಡತಿ ಮನೆಯ ಬಾಗಿಲು ಮುಚ್ಚಲಿಲ್ಲ. ಯಾರಿಗೂ ಹೇಳಿ ಹಬ್ಬಿಸಲೂ ಇಲ್ಲ. ಎದುರು ಸಿಕ್ಕರೆ ಚೆನ್ನಾಗಿದ್ದೀರಾ ಎಂದು ಈಗಲೂ ಕೇಳುತ್ತಾಳೆ. ಆದರೆ ಆ ಕೇಳುವುದರಲ್ಲಿ ಅಕ್ಕ ಎನ್ನುವ ಮಾತು ಇರುವುದಿಲ್ಲ.